ಬೋರ್ಡೋ, ಸುಣ್ಣ, ಪಿಎಚ್: ಮೇಡಂ ಹತ್ತಿರ ಕೇಳಿ

ಅಡ್ಮಿನ್: ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ, ಅಂದರೆ ಮೈಲುತುತ್ತು-ಸುಣ್ಣದ ದ್ರಾವಣ, ಹೊಡೆಯುವ ಹೊತ್ತು ಬಂತು. ಕಾಲೇಜಲ್ಲಿ ಕೆಮಿಸ್ಟ್ರಿ ಪಾಠ ಮಾಡಿ ನಿವೃತ್ತರಾಗಿ, ಈಗ ಅಡಿಕೆ ತೋಟ ನೋಡಿಕೊಳ್ಳುತ್ತಿರುವ ಮೇಡಂ ಸಂಜೆವರೆಗೆ ಉತ್ತರಿಸುತ್ತಾರೆ.

ತೋಟದಮನೆ: 1% ಬೋರ್ಡೋಗೆ ಅಳತೆ ಎಷ್ಟು ಮೇಡಂ?

ಮೇಡಂ: ಮೈಲುತುತ್ತು (ತಾಮ್ರದ ಸಲ್ಫೇಟ್) 1 ಕೆ.ಜಿ., ಸುಣ್ಣ 1 ಕೆ.ಜಿ., ನೀರು 100 ಲೀಟರ್. ಐವತ್ತೈವತ್ತು ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕಿ. ಪ್ಲಾಸ್ಟಿಕ್ ಡ್ರಮ್ಮು. ಕಬ್ಬಿಣದ್ದು ಬೇಡ.

ಹೊಳೆಬದಿ: ಹೋದ ವರ್ಷ ಎಳೆಕಾಯಿ ಸುಟ್ಟ ಹಾಗಾಯ್ತು. ಅಳತೆ ಸರಿಯೇ ಇತ್ತು.

ಮೇಡಂ: ಸುಣ್ಣ ಹಳೆಯದಿರಬೇಕು. ಗಾಳಿ ಹೊಡೆದ ಸುಣ್ಣ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿಬಿಡುತ್ತದೆ. ತೂಕ ಇರುತ್ತದೆ, ಕಸುವು ಇರುವುದಿಲ್ಲ. ಮೈಲುತುತ್ತಿನ ಆಮ್ಲ ಹಾಗೇ ಉಳಿದು, ಕರಗಿದ ತಾಮ್ರ ಕಾಯಿಯನ್ನು ಸುಡುತ್ತದೆ. ಉಜ್ಜಿದ ಕಬ್ಬಿಣದ ಚಾಕು ಒಂದು ನಿಮಿಷ ಅದ್ದಿ. ಕೆಂಪಗೆ ತಾಮ್ರ ಹಿಡಿದರೆ ಇನ್ನಷ್ಟು ಸುಣ್ಣ ಬೇಕು.

ಕೊಟ್ಟೆ ಅಜ್ಜ: ಚಿಪ್ಪು ಸುಣ್ಣ ತಂದರೆ ಈ ತಾಪತ್ರಯವೇ ಇಲ್ಲ. ನಮ್ಮ ಅಜ್ಜನ ಕಾಲದಲ್ಲಿ ಚಾಕೂ ಇಲ್ಲ, ಆಮ್ಲ-ಪ್ರತ್ಯಾಮ್ಲ ಅಳೆಯುವ ಪಿಎಚ್ಚೂ ಇಲ್ಲ.

ಶಿರಸಿಯವ: ಕೊಳೆಗೆ ಕೊನೆಗೊನೆಯೇ ಉದುರುತ್ತಿತ್ತು, ಅದನ್ನೂ ಹೇಳಿ. ಕೃಷಿ ವಿಜ್ಞಾನಿ ಕೋಲ್ಮನ್ ಸಾಹೇಬರು 1910ರ ಸುಮಾರಿಗೇ ಮೈಸೂರು ಸೀಮೆಯಲ್ಲಿ ಬೋರ್ಡೋ ಹೊಡೆಯಲು ಹೇಳಿಕೊಟ್ಟರು.

ಕೊಟ್ಟೆ ಅಜ್ಜ: ನೀ ನೋಡಿದ್ಯಾ?

ಕೋಕೋ ಬೆಳೆಗಾರ: ಮಣ್ಣಿನ ಪಿಎಚ್ 5.1 ಬಂದಿದೆ. ಕೋಕೋಗೆ ಸುಣ್ಣ ಎಷ್ಟು ಹಾಕಲಿ?

ಘಟ್ಟದ ಕೆಳಗೆ: ಮೇಡಂ, ಬೆಳಿಗ್ಗೆ ಸುಣ್ಣದ ಕಲ್ಲಿಗೆ ನೀರು ಹಾಕುವಾಗ ಕುದ್ದು ಎಗರಿ ಆಳಿನ ಕಣ್ಣಿಗೆ ಬಿತ್ತು. ಮುಖ ತೊಳೆಸಿದೆ. ಈಗ ಮಂಜು ಮಂಜು ಅಂತಾನೆ. ಪ್ರತ್ಯಾಮ್ಲಕ್ಕೆ ಆಮ್ಲ ಮದ್ದು, ನಿಂಬೆರಸ ಬಿಡಿ ಅಂತ ಒಂದು ಮೆಸೇಜ್ ಬಂದಿದೆ. ಬಿಡಬಹುದಾ?

ಮೇಡಂ: ಬೇಡ! ನಿಂಬೆ ಮುಟ್ಟಬೇಡಿ. ಬೇರೆಲ್ಲ ಪ್ರಶ್ನೆ ಆಮೇಲೆ.
ಈಗಲೇ ಮಲಗಿಸಿ, ರೆಪ್ಪೆ ಬಿಡಿಸಿ ಹಿಡಿದು ಶುದ್ಧ ನೀರು ಹರಿಸಿ, ಅರ್ಧ ಗಂಟೆ. ರೆಪ್ಪೆಯೊಳಗೆ ಸುಣ್ಣದ ಕಾಳು ಸಿಕ್ಕಿಕೊಂಡಿದ್ದರೆ ಅದು ಕರಗುತ್ತಾ ಸುಡುತ್ತಲೇ ಇರುತ್ತದೆ, ಮುಖ ತೊಳೆದರೆ ಹೋಗುವುದಿಲ್ಲ. ಅಷ್ಟರಲ್ಲಿ ಒಬ್ಬರು ಜೀಪು ಹೊರಡಿಸಿ, ಸೀದಾ ಕಣ್ಣಿನ ಆಸ್ಪತ್ರೆಗೆ. ದಾರಿಯಲ್ಲೂ ನೀರು ಬಿಡುತ್ತಿರಿ.
ಸುಣ್ಣದ ತಿಳಿಯ ಪಿಎಚ್ 12ರ ಮೇಲೆ. ಪಿಎಚ್‌ನಲ್ಲಿ 7 ತಟಸ್ಥ, ಅಲ್ಲಿಂದ ಒಂದೊಂದು ಅಂಕಿ ಮೇಲೇರಿದರೆ ಪ್ರತ್ಯಾಮ್ಲ ಹತ್ತು ಪಟ್ಟು, ಕೆಳಗಿಳಿದರೆ ಆಮ್ಲ ಹತ್ತು ಪಟ್ಟು. ಆಮ್ಲ ಬಿದ್ದರೆ ಮೇಲಿನ ಪದರ ಹೆಪ್ಪುಗಟ್ಟಿ ಒಳಗೆ ಹೋಗುವುದನ್ನು ಸ್ವಲ್ಪ ತಡೆಯುತ್ತದೆ. ಸುಣ್ಣ ಹಾಗಲ್ಲ, ಜೀವಕೋಶದ ಕೊಬ್ಬನ್ನು ಸಾಬೂನು ಮಾಡಿಕೊಂಡು ಒಳಗೊಳಗೇ ಇಳಿಯುತ್ತದೆ. ಅದರ ಮೇಲೆ ಪಿಎಚ್ 2ರ ನಿಂಬೆರಸ ಬಿಟ್ಟರೆ ಕಣ್ಣಿಗೆ ಎರಡನೇ ಗಾಯ. ಬೀಕರಿನಲ್ಲಿ ತಟಸ್ಥ ಮಾಡುವಾಗ ನಾವು ಹನಿ ಎಣಿಸುತ್ತೇವೆ. ಕಣ್ಣಿನಲ್ಲಿ ಎಣಿಸುವವರು ಯಾರು?

ಶುಭೋದಯ: ಮೇಡಂ, ನಿಂಬೆ ದೇಹದಲ್ಲಿ ಆಲ್ಕಲೈನ್ ಆಗುತ್ತಂತಲ್ಲ? 🙏 ಫಾರ್ವರ್ಡ್ ಬಂದಿತ್ತು.

ಮೇಡಂ: ಇಲ್ಲಿ ಒಬ್ಬನ ಕಣ್ಣು ಹೋಗುತ್ತಿದೆ. ಆ ಫಾರ್ವರ್ಡ್ ಡಿಲೀಟ್ ಮಾಡಿ.

ಶುಭೋದಯ: ಹಿರಿಯರು ಹೇಳಿದ್ದಕ್ಕೆ ಬೆಲೆಯೇ ಇಲ್ವಾ?

ಶಿರಸಿಯವ: ವಾಟ್ಸಾಪು ಯಾರ ಹಿರಿಯರು ಮಾರಾಯ್ರೆ?

ಕೊಟ್ಟೆ ಅಜ್ಜ: ಹಿರಿಯರನ್ನು ಮಧ್ಯೆ ಎಳೀಬೇಡಿ. ಚಿಪ್ಪು ಸುಣ್ಣ ಆಗಿದ್ರೆ ಹೀಗೆ ಎಗರ್ತಿರಲಿಲ್ಲ.

ಮೇಡಂ: ಸುಟ್ಟ ಸುಣ್ಣ ಯಾವುದಾದರೂ ನೀರು ಬಿದ್ದರೆ ಕುದಿಯುತ್ತದೆ. ಕನ್ನಡಕ ಹಾಕಿಸಿ.

ಹೊಸತೋಟ: 1% ಬೋರ್ಡೋ ಅಳತೆ ಯಾರಾದ್ರೂ ಹೇಳಿ.

ಮೇಡಂ: ಮೇಲೆ ಇದೆ.

ಬಾಳೆಗದ್ದೆ: ನಿನ್ನೆ ಮಾಡಿದ ದ್ರಾವಣ ಇವತ್ತು ಹೊಡೀಬಹುದಾ?

ಮೇಡಂ: ಇಲ್ಲ.

ಘಟ್ಟದ ಕೆಳಗೆ: ಜೀಪಲ್ಲಿದ್ದೇವೆ. ರೆಪ್ಪೆ ಒಳಗಿಂದ ಬಿಳಿ ಕಾಳು ಬಂತು ಮೇಡಂ.

ಮೇಡಂ: ನೀರು ನಿಲ್ಲಿಸಬೇಡಿ. ಡಾಕ್ಟರಿಗೆ ಸುಣ್ಣ ಅಂತ ಮೊದಲೇ ಹೇಳಿ.

ಕೋಕೋ ಬೆಳೆಗಾರ: ನನ್ನ 5.1?