ಸಹಾಯ ಬೇಕು: ಗೈಡ್‌ಗೆ ನನ್ನ ವಿಷಯ ಅಷ್ಟಾಗಿ ಗೊತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ವಿರಾಜಪೇಟೆ ಕಡೆಯವಳು, ಪಿಎಚ್‌ಡಿ ಎರಡನೇ ವರ್ಷ. ದೇವರಕಾಡಿನ ಮಣ್ಣಲ್ಲಿರುವ ಶಿಲೀಂಧ್ರಗಳನ್ನು ಪಕ್ಕದ ಕಾಫಿ ತೋಟದ ಮಣ್ಣಿನ ಜೊತೆ ಹೋಲಿಸುವ ಕೆಲಸ, ಡಿಎನ್‌ಎ ಮೂಲಕ.

ನಮ್ಮ ಗೈಡ್ ಗಿಡಮರಗಳ ವಿಷಯದಲ್ಲಿ ಎತ್ತಿದ ಕೈ. ಒಣಗಿದ ಎಲೆ ನೋಡಿಯೇ ಮರದ ಹೆಸರು ಹೇಳುತ್ತಾರೆ. ಆದರೆ ಐಟಿಎಸ್ (ಶಿಲೀಂಧ್ರ ಯಾವುದು ಅಂತ ಗುರುತಿಸಲು ಓದುವ ಡಿಎನ್‌ಎ ಭಾಗ) ಸೀಕ್ವೆನ್ಸ್ ಡೇಟಾ ತೋರಿಸಿದರೆ "ನೀನೇ ನೋಡ್ಕೊಳಮ್ಮ" ಅನ್ನುತ್ತಾರೆ. ಒಂದೊಂದು ಜಾಗದಿಂದ ಎಷ್ಟು ಸ್ಯಾಂಪಲ್ ಬೇಕು ಅಂತ ಮೊನ್ನೆ ಕೇಳಿದೆ. ಅದಕ್ಕೂ ಉತ್ತರ ಸಿಗಲಿಲ್ಲ. ಲೆಕ್ಕ ತಪ್ಪಿದರೆ ಊರಿನ ಮುಖ್ಯಸ್ಥರಾದ ತಕ್ಕರ ಅನುಮತಿ ಮತ್ತೆ ಕೇಳಿ, ಮಳೆಯಲ್ಲಿ ಜಿಗಣೆ ಕಚ್ಚಿಸಿಕೊಂಡು ಮಣ್ಣು ತರೋಳು ನಾನೇ ಅಲ್ವಾ!

ಗೈಡ್ ಬದಲಿಸುವ ಯೋಚನೆ ಇಲ್ಲ, ಮನುಷ್ಯ ಬಹಳ ಒಳ್ಳೆಯವರು. ಯುಜಿಸಿಯ 2022ರ ನಿಯಮದಲ್ಲಿ ಬೇರೆ ಸಂಸ್ಥೆಯವರನ್ನೂ ಸಹ-ಮಾರ್ಗದರ್ಶಕರಾಗಿ ತೆಗೆದುಕೊಳ್ಳಲು ಅವಕಾಶ ಇದೆ. ಸರ್‌ಗೆ ಬೇಜಾರಾಗದ ಹಾಗೆ ಇದನ್ನು ಹೇಗೆ ಹೇಳಲಿ? ನನ್ನ ಪಿಎಚ್‌ಡಿ ಕೆಲಸ ಪರಿಶೀಲಿಸುವ ಸಲಹಾ ಸಮಿತಿ ಮುಂದೆ ಎತ್ತಲಾ, ಇಲ್ಲಾ ಮೊದಲು ಅವರ ಹತ್ತಿರವೇ ಮಾತಾಡಲಾ? ಪೊನ್ನಂಪೇಟೆ ಅರಣ್ಯ ಕಾಲೇಜಲ್ಲಾಗಲಿ, ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಾಗಲಿ ಈ ಕೆಲಸ ಬಲ್ಲವರು ನಿಮಗೆ ಪರಿಚಯ ಇದ್ದರೆ ದಯವಿಟ್ಟು ತಿಳಿಸಿ.