ವಕೀಲಿ ವೃತ್ತಿಯಿಂದ ಆನ್‌ಲೈನ್ ಸಂಧಾನಕ್ಕೆ: ಪ್ರಶ್ನೋತ್ತರ

ಪ್ರಶ್ನೆ: ಮೇಡಂ, ನಾನು 11 ವರ್ಷಗಳಿಂದ ಸಿವಿಲ್ ದಾವೆಗಳನ್ನು ನಡೆಸುತ್ತಿದ್ದು, ಈಗ ಆನ್‌ಲೈನ್ ವ್ಯಾಜ್ಯ ಪರಿಹಾರದ ಕಡೆಗೆ ಹೊರಳಬೇಕೆಂದಿದ್ದೇನೆ. ಮೊದಲು ತಂತ್ರಾಂಶವನ್ನು ಕಲಿಯಬೇಕೇ, ಸಂಧಾನದ ತರಬೇತಿ ಪಡೆಯಬೇಕೇ? ಎಲ್ಲವನ್ನೂ ಯಂತ್ರವೇ ಮಾಡಿದರೆ ನಮಗೆ ಉಳಿಯುವ ಕೆಲಸವಾದರೂ ಏನು?

ಉತ್ತರ: ಸಂಧಾನದ ತರಬೇತಿಯನ್ನೇ ಮೊದಲು ಪಡೆಯಿರಿ. ತಂತ್ರಾಂಶ ಕೆಲವೇ ವಾರಗಳಲ್ಲಿ ಕೈಗೆ ಹತ್ತುತ್ತದೆ. ಆದರೆ ಎದುರಿನವರ ಪ್ರತಿ ಮಾತಿನಲ್ಲೂ ವಿರೋಧಾಭಾಸ ಹುಡುಕುವ ಪಾಟೀ ಸವಾಲಿನ ಅಭ್ಯಾಸವನ್ನು ಬಿಡಲು ನನಗೆ ಎರಡು ವರ್ಷ ಹಿಡಿಯಿತು.

ಇನ್ನು ಎಲ್ಲವನ್ನೂ ಯಂತ್ರವೇ ಮಾಡುತ್ತದೆಂಬ ಅಂಜಿಕೆ ಬೇಡ. ಇಬೇ ಎಂಬ ಆನ್‌ಲೈನ್ ಮಾರುಕಟ್ಟೆಯ ವ್ಯಾಜ್ಯಗಳಿಗಾಗಿ 1999ರಲ್ಲಿ ನಡೆದ ಪ್ರಯೋಗದಲ್ಲಿ ಸಂಧಾನಕಾರರು ಇಮೇಲ್ ಮೂಲಕವೇ ಮಾರಿದವರು, ಕೊಂಡವರು ಇಬ್ಬರೊಡನೆಯೂ ವ್ಯವಹರಿಸಿದ್ದರು. ಬಳಿಕ 2001ರಲ್ಲಿ ಈ ಕ್ಷೇತ್ರದ ವಿದ್ವಾಂಸರಾದ ಈತನ್ ಕ್ಯಾಟ್ಷ್ ಮತ್ತು ಜಾನೆಟ್ ರಿಫ್ಕಿನ್ ತಂತ್ರಜ್ಞಾನವನ್ನು ‘ನಾಲ್ಕನೆಯ ಪಕ್ಷ’ ಎಂದು ಕರೆದರು. ಎಂದರೆ ಇಬ್ಬರು ಕಕ್ಷಿದಾರರು ಮತ್ತು ಒಬ್ಬ ಸಂಧಾನಕಾರರ ಪಕ್ಕದಲ್ಲಿ ಅದೂ ಕುಳಿತಿರುತ್ತದೆಯೇ ಹೊರತು ಸಂಧಾನಕಾರರ ಕುರ್ಚಿಯಲ್ಲಿ ಅಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 2016ರಿಂದ ನಡೆಯುತ್ತಿರುವ ಆನ್‌ಲೈನ್ ನ್ಯಾಯಮಂಡಳಿಯಲ್ಲೂ ಕ್ರಮ ಇಂಥದ್ದೇ: ಮೊದಲು ಯಂತ್ರ ಪ್ರಶ್ನೆಗಳನ್ನು ಕೇಳಿ ಮಾಹಿತಿ ಕೊಡುತ್ತದೆ, ದೂರು ದಾಖಲಾದ ಮೇಲೆ ಸಿಬ್ಬಂದಿ ರಾಜಿಗೆ ನೆರವಾಗುತ್ತಾರೆ, ರಾಜಿಯಾಗದಿದ್ದರೆ ಮಂಡಳಿಯ ಸದಸ್ಯರು ತೀರ್ಪು ಬರೆಯುತ್ತಾರೆ.

ದಾವೆಪತ್ರ ಬರೆದು ಪಳಗಿದ ಕೈಗೆ ಇಲ್ಲಿ ಒಳ್ಳೆಯ ಕೆಲಸವಿದೆ. ದೂರಿನ ನಮೂನೆಯಲ್ಲಿ ‘ತಪ್ಪು ಯಾರದು?’ ಎಂದು ಕೇಳಿದರೆ ಮೊದಲ ಪುಟದಲ್ಲೇ ಜಗಳ ಹೊತ್ತಿಕೊಳ್ಳುತ್ತದೆ. ‘ಏನಾಯಿತು, ಈಗ ಏನು ಸರಿಹೋಗಬೇಕು?’ ಎಂದು ಕೇಳಿದರೆ ಹಣ ಕೇಳಲು ಬಂದವರು ಕೆಲವೊಮ್ಮೆ ಒಂದು ವಿವರಣೆಯನ್ನೋ ಕ್ಷಮೆಯನ್ನೋ ಕೇಳುತ್ತಾರೆ. ಇಂಥ ಪ್ರಶ್ನೆಗಳನ್ನು ತಂತ್ರಜ್ಞರಿಗೇ ಬಿಟ್ಟುಬಿಡುವುದು ನಮ್ಮ ವೃತ್ತಿಯವರ ಸೋಮಾರಿತನವೆಂದೇ ನನ್ನ ಅಭಿಪ್ರಾಯ.

ಮರುಪ್ರಶ್ನೆ: ಪರದೆಯ ಮೇಲೆ ಮುಖಭಾವ ಸರಿಯಾಗಿ ತಿಳಿಯುವುದಿಲ್ಲ, ಬರಹದಲ್ಲಂತೂ ದನಿಯೇ ಇಲ್ಲ. ಇದರಿಂದ ಸಂಧಾನ ಕೆಡುವುದಿಲ್ಲವೇ?

ಉತ್ತರ: ಕೆಡುವುದುಂಟು. ಆದರೆ ಬರಹಕ್ಕೆ ತಡೆದು ಉತ್ತರಿಸುವ ಅನುಕೂಲವಿದೆ. ಸಿಟ್ಟಿನಲ್ಲಿ ಬರೆದದ್ದನ್ನು ಮೊದಲು ನನಗೆ ಮಾತ್ರ ಕಳುಹಿಸುವಂತೆ ನಾನು ಇಬ್ಬರನ್ನೂ ಕೋರುತ್ತೇನೆ, ಮರುದಿನ ಅದನ್ನು ಅವರೇ ತಿದ್ದಿಕೊಡುವುದು ಅಪರೂಪವಲ್ಲ. ನನಗೆ ಹೆಚ್ಚು ಆತಂಕ ತರುವುದು ಕಕ್ಷಿದಾರರ ಪಕ್ಕದಲ್ಲಿ ಕ್ಯಾಮೆರಾಗೆ ಕಾಣದಂತೆ ಕುಳಿತವರು. ಒಮ್ಮೆ ಕಕ್ಷಿದಾರರೊಬ್ಬರು ಪ್ರತಿ ಉತ್ತರಕ್ಕೂ ಮುನ್ನ ಪಕ್ಕಕ್ಕೆ ನೋಡುತ್ತಿದ್ದರು. ಕೋಣೆಯಲ್ಲಿ ಬೇರೆ ಯಾರಿದ್ದಾರೆಂದು ನಾನು ಕೇಳಿದ್ದು ಅರ್ಧ ಮಾತುಕತೆ ಮುಗಿದ ಮೇಲೆ. ಈಗ ಆ ಪ್ರಶ್ನೆಯನ್ನು ಆರಂಭದಲ್ಲೇ ಕೇಳುತ್ತೇನೆ, ಅನುಮಾನವಿದ್ದರೆ ಸಭೆಯನ್ನು ಮುಂದೂಡಿ ಅವರೊಬ್ಬರಿಗೇ ಫೋನ್ ಮಾಡುತ್ತೇನೆ.