ಕ್ಲ್ಯಾಟ್‌ನಲ್ಲಿ ಸೀಟು ಸಿಗದವರು ಮತ್ತೆ ಅರ್ಜಿ ಹಾಕುವ ಬಗ್ಗೆ ಸಲಹೆ ಬೇಕು

ಪ್ರಶ್ನೆ: ಹಿರಿಯೂರು ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ಚಿತ್ರದುರ್ಗ ಜಿಲ್ಲೆಯವಳು. ಹತ್ತನೆಯ ತರಗತಿಯವರೆಗೆ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಯಲ್ಲಿ ಕಲಾ ವಿಭಾಗ ತೆಗೆದುಕೊಂಡು ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಿದ್ದೇನೆ. ಬೆಂಗಳೂರಿನ ನಾಗರಭಾವಿಯಲ್ಲಿರುವ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಐದು ವರ್ಷದ ಬಿ.ಎ. ಎಲ್‌ಎಲ್‌.ಬಿ. ಓದಬೇಕೆಂಬುದು ನನ್ನ ಬಹುದಿನದ ಆಸೆ. ಪಿಯುಸಿ ಓದುವಾಗಲೇ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯಾದ ಕ್ಲ್ಯಾಟ್ ಬರೆದಿದ್ದೆ, ಸೀಟು ಸಿಗಲಿಲ್ಲ. ಅದಾದ ಮೇಲೆ ಬೇರೆಲ್ಲೂ ಸೇರದೆ ಮನೆಯಲ್ಲೇ ಓದಿ 2025ರ ಡಿಸೆಂಬರ್ 7ರಂದು ಮತ್ತೆ ಬರೆದೆ. ಅಂಕ ಹಿಂದಿನದಕ್ಕಿಂತ ಏರಿತು, ಆದರೆ ಯಾವ ಸುತ್ತಿನ ಪಟ್ಟಿಯಲ್ಲೂ ಹೆಸರು ಬರಲಿಲ್ಲ. 110 ಪ್ರಶ್ನೆಗಳಿಗೆ ಉತ್ತರ ಗುರುತಿಸಿದ್ದೆ. ಅದರಲ್ಲಿ 72 ಸರಿ, 38 ತಪ್ಪು. ತಪ್ಪು ಉತ್ತರಗಳಿಗೆ ಕಳೆದುಕೊಂಡದ್ದು ಹೋಗಿ ಕೈಗೆ ಬಂದದ್ದು 62.5.

ಮನೆಯಲ್ಲಿ ಒತ್ತಾಯವೇನೂ ಇಲ್ಲ. ಆದರೂ ಇನ್ನೊಂದು ವರ್ಷ ಹೀಗೇ ಕೂರುವುದು ಸರಿಯೇ ಎಂದು ಅಪ್ಪ ಕೇಳಿದಾಗ ಉತ್ತರ ಹೊಳೆಯಲಿಲ್ಲ. ಮತ್ತೆ ಕ್ಲ್ಯಾಟ್‌ಗೆ ಅರ್ಜಿ ಹಾಕಬೇಕೇ, ಹತ್ತಿರದ ಕಾನೂನು ಕಾಲೇಜಿಗೆ ಸೇರಿಬಿಡಬೇಕೇ, ಅಥವಾ ಬಿ.ಎ. ಮುಗಿಸಿ ಮೂರು ವರ್ಷದ ಎಲ್‌ಎಲ್‌.ಬಿ.ಗೆ ಪ್ರಯತ್ನಿಸಬೇಕೇ? ಹಿಂದೆ ಸೀಟು ಸಿಗದಿದ್ದದ್ದು ಮುಂದಿನ ಅರ್ಜಿಗೆ ಅಡ್ಡಿಯಾಗುತ್ತದೆಯೇ? ಈ ದಾರಿಯಲ್ಲಿ ನಡೆದು ತಿಳಿದವರು ದಯವಿಟ್ಟು ಹೇಳಿ.

ಉತ್ತರ: ದಾವಣಗೆರೆ ಮೇಷ್ಟ್ರು

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಮತ್ತೆ ಬರೆಯುವ ಮಕ್ಕಳನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಅದೇ. ಅಡ್ಡಿಯಾಗುವುದಿಲ್ಲ. ಕ್ಲ್ಯಾಟ್ ಅನ್ನು ಇಷ್ಟೇ ಸಲ ಬರೆಯಬೇಕೆಂಬ ಮಿತಿಯಿಲ್ಲ. ಹಿಂದಿನ ಅಂಕವನ್ನು ಯಾರೂ ನೋಡುವುದಿಲ್ಲ. ಸಂದರ್ಶನವಿಲ್ಲ, ಅರ್ಜಿಯ ಜೊತೆ ಪ್ರಬಂಧವನ್ನೂ ಕೇಳುವುದಿಲ್ಲ. ಆ ದಿನದ ಎರಡು ಗಂಟೆಯ ಫಲಿತಾಂಶ ಮಾತ್ರ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಮತ್ತೆ ಬರೆಯಬಹುದೇ ಎಂದು ಕೇಳುವ ಅಗತ್ಯವಿಲ್ಲ. ಈ ಸಲ ಓದುವ ರೀತಿಯಲ್ಲಿ ಏನು ಬದಲಾಗುತ್ತದೆ ಎಂಬುದನ್ನು ನೀವು ನಿಮಗೇ ಕೇಳಿಕೊಳ್ಳಬೇಕು.

ನೀವು ಕೊಟ್ಟ ಸಂಖ್ಯೆಗಳನ್ನು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಒಂದು ತಪ್ಪಿಗೆ ಕಾಲು ಅಂಕ ಕಳೆಯುವುದರಿಂದ 38 ತಪ್ಪುಗಳಿಗೆ ಹೋದದ್ದು 9.5 ಅಂಕ. ಊಹಿಸಿ ಗುರುತಿಸುವುದನ್ನು ಪೂರ್ತಿ ಬಿಟ್ಟಿದ್ದರೂ ನೀವು 72ಕ್ಕೆ ನಿಲ್ಲುತ್ತಿದ್ದಿರಿ, ಮತ್ತು ನಾಗರಭಾವಿಗೆ ಅದು ಸಾಕಾಗುತ್ತಿರಲಿಲ್ಲ. ಕೋಚಿಂಗ್‌ನವರು ಋಣಾತ್ಮಕ ಅಂಕದ ಬಗ್ಗೆ ಎಷ್ಟೇ ಎಚ್ಚರಿಸಿದರೂ ನಿಮ್ಮ ವಿಷಯದಲ್ಲಿ ಮೂಲ ಕಾರಣ ಅದಲ್ಲ, ಓದುವ ವೇಗ ಎಂಬುದು ನನ್ನ ಅನಿಸಿಕೆ. 2020ರಿಂದ ಈ ಪರೀಕ್ಷೆ ಗದ್ಯಭಾಗಗಳನ್ನು ಆಧರಿಸಿದೆ. ಈಗ 120 ನಿಮಿಷಕ್ಕೆ 120 ಪ್ರಶ್ನೆ. ಗಣಿತದ ಭಾಗ ಬಿಟ್ಟರೆ ಒಂದೊಂದು ಗದ್ಯ ಸುಮಾರು 450 ಪದಗಳಷ್ಟು ಇರುತ್ತದೆ. ಒಂದು ಗದ್ಯಕ್ಕೆ ಐದು ಪ್ರಶ್ನೆ ಎಂದು ಹಿಡಿದರೂ ಎರಡು ಗಂಟೆಯಲ್ಲಿ ಹತ್ತು ಸಾವಿರ ಪದಗಳ ಆಸುಪಾಸು ಇಂಗ್ಲಿಷನ್ನು ಓದಿ, ಅರ್ಥ ಮಾಡಿಕೊಂಡು, ಉತ್ತರವನ್ನೂ ಹುಡುಕಬೇಕು. ಕನ್ನಡ ಮಾಧ್ಯಮದಿಂದ ಬಂದ ಜಾಣ ಮಕ್ಕಳು ಇಲ್ಲಿ ಸೋಲುವುದು ಬುದ್ಧಿಯ ಕೊರತೆಯಿಂದಲ್ಲ. ಕೊನೆಯ ಮೂವತ್ತು ಪ್ರಶ್ನೆಗಳಿಗೆ ಬರುವ ಹೊತ್ತಿಗೆ ಗದ್ಯವನ್ನು ಓದದೆ ಉತ್ತರ ಗುರುತಿಸುವ ಸ್ಥಿತಿ ಬಂದಿರುತ್ತದೆ. ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ ನಡೆಯುವುದು ಅನ್ಯಾಯ ಎಂದೇ ನಾನು ನಂಬಿದ್ದೇನೆ, ಆದರೆ ಮುಂದಿನ ಡಿಸೆಂಬರಿಗೆ ಆ ಅನ್ಯಾಯ ಸರಿಹೋಗುವುದಿಲ್ಲ.

ಆದ್ದರಿಂದ ಹೊಸ ಪುಸ್ತಕ ಕೊಳ್ಳುವ ಮೊದಲು ಕಳೆದ ಪ್ರಶ್ನೆಪತ್ರಿಕೆಯನ್ನೂ ಅಂತಿಮ ಕೀ ಉತ್ತರಗಳನ್ನೂ ಎದುರಿಗಿಟ್ಟುಕೊಂಡು ಆ 38 ತಪ್ಪುಗಳ ಮುಂದೆ ಕಾರಣ ಬರೆಯಿರಿ: ಸಮಯ ಸಾಲಲಿಲ್ಲವೇ, ಪದ ಗೊತ್ತಿರಲಿಲ್ಲವೇ, ಅಥವಾ ಗದ್ಯದಲ್ಲಿ ಇಲ್ಲದ್ದನ್ನು ನೀವೇ ಸೇರಿಸಿದಿರೇ. ಮೂರನೆಯದು ಕಾನೂನು ತರ್ಕದ ಭಾಗದಲ್ಲಿ ಬಹಳ ನಡೆಯುತ್ತದೆ. ಉದಾಹರಣೆಗೆ, ಅನುಮತಿಯಿಲ್ಲದೆ ಇನ್ನೊಬ್ಬರ ಜಮೀನಿಗೆ ಕಾಲಿಟ್ಟರೆ ಉದ್ದೇಶ ಏನೇ ಇದ್ದರೂ ಅದು ಅತಿಕ್ರಮ ಪ್ರವೇಶ ಎಂದು ಗದ್ಯ ಹೇಳಿದೆ ಎನ್ನಿ. ತಪ್ಪಿಸಿಕೊಂಡ ಕರುವನ್ನು ಹಿಡಿಯಲು ಪಕ್ಕದ ಹೊಲಕ್ಕೆ ಓಡಿದ ಹೆಂಗಸು ಹೊಣೆಗಾರಳೇ ಎಂಬುದು ಪ್ರಶ್ನೆ. ಊರಿನಲ್ಲಿ ಬೆಳೆದ ನಮ್ಮ ಮನಸ್ಸು ಅಲ್ಲ ಎನ್ನುತ್ತದೆ. ಗದ್ಯದ ಪ್ರಕಾರ ಹೌದು. ಆ ಭಾಗಕ್ಕೆ ಮೊದಲೇ ಕಾನೂನು ಓದಿರಬೇಕಾಗಿಲ್ಲ, ಕೊಟ್ಟ ನಿಯಮವನ್ನು ಕೊಟ್ಟ ಸಂಗತಿಗೆ ಹೊಂದಿಸಿದರೆ ಸಾಕು. ಇದು ಕೈಗೆ ಹತ್ತಿದರೆ 28ರಿಂದ 32 ಪ್ರಶ್ನೆಗಳ ಒಂದು ಇಡೀ ಭಾಗ ನಿಮ್ಮದಾಗುತ್ತದೆ.

ಕಲಾ ವಿಭಾಗದ ಮಕ್ಕಳು ಗಣಿತವನ್ನು ಕೈಬಿಡುವುದೂ ಸಾಮಾನ್ಯ. ಅದು 10ರಿಂದ 14 ಪ್ರಶ್ನೆ, ಹತ್ತನೆಯ ತರಗತಿಯ ಶೇಕಡಾವಾರು, ಅನುಪಾತ, ಸರಾಸರಿಗಳ ಮಟ್ಟದ್ದು. ನಿಮ್ಮ ಶಾಲೆಯ ಗಣಿತದ ಮೇಷ್ಟ್ರ ಬಳಿ ಎರಡು ತಿಂಗಳು ಕುಳಿತರೆ ಬರುತ್ತದೆ.

ಉತ್ತರ: ಜಿಲ್ಲಾ ನ್ಯಾಯಾಲಯದ ವಕೀಲ

ಮೇಷ್ಟ್ರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಮನೆಯಲ್ಲಿ ಕುಳಿತು ಇನ್ನೊಂದು ವರ್ಷ ಓದುವುದಕ್ಕೆ ನನ್ನ ಸಮ್ಮತಿಯಿಲ್ಲ. ನಿಮ್ಮ ತಂದೆಯವರ ಪ್ರಶ್ನೆ ಸರಿಯಾದದ್ದೇ.

ಹುಬ್ಬಳ್ಳಿಯ ನವನಗರದಲ್ಲಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ 2009ರಿಂದ ನಡೆಯುತ್ತಿದೆ, ರಾಜ್ಯದ ಬಹುಪಾಲು ಕಾನೂನು ಕಾಲೇಜುಗಳು ಅದರ ಸಂಯೋಜನೆಯಲ್ಲಿವೆ. ಅಲ್ಲಿ ಐದು ವರ್ಷದ ಕೋರ್ಸಿಗೆ ಕ್ಲ್ಯಾಟ್ ಬೇಕಿಲ್ಲ, ಪಿಯುಸಿ ಅಂಕಗಳ ಮೇಲೆ ಪ್ರವೇಶ ಸಿಗುತ್ತದೆ. ತಿಂಗಳುಗಳನ್ನು ಜೋಡಿಸಿ ನೋಡಿ. ಈ ಕಾಲೇಜುಗಳ ಪ್ರವೇಶ ವರ್ಷದ ಮಧ್ಯಭಾಗದಲ್ಲಿ ನಡೆಯುತ್ತದೆ. ಕ್ಲ್ಯಾಟ್ ಕಳೆದ ಕೆಲವು ವರ್ಷಗಳಿಂದ ಡಿಸೆಂಬರಿನ ಮೊದಲ ಭಾನುವಾರ ನಡೆಯುತ್ತಿದೆ. ಅಂದರೆ ಕಾಲೇಜಿಗೆ ಸೇರಿ, ಮೊದಲ ಸೆಮಿಸ್ಟರಿನಲ್ಲಿ ಇಂಗ್ಲಿಷಿನ ಕಾನೂನು ಪಠ್ಯವನ್ನು ದಿನವೂ ಓದುತ್ತಲೇ ನೀವು ಕ್ಲ್ಯಾಟ್ ಬರೆಯಬಹುದು. ಸೀಟು ಬಂದರೆ ಹೋಗಿ. ಬರದಿದ್ದರೆ ನೀವು ಆಗಲೇ ಕಾನೂನು ವಿದ್ಯಾರ್ಥಿನಿಯಾಗಿರುತ್ತೀರಿ.

ಈ ಕಾಲೇಜುಗಳ ಪದವಿಗೆ ಬೆಲೆಯಿಲ್ಲ ಎಂಬ ಮಾತನ್ನು ನಂಬಬೇಡಿ. ವಕೀಲರ ನಿಯಂತ್ರಣ ಸಂಸ್ಥೆಯಾದ ಬಾರ್ ಕೌನ್ಸಿಲ್ ಮಾನ್ಯತೆಯ ಯಾವ ಕಾಲೇಜಿನಿಂದ ಬಂದರೂ ಸಿಗುವುದು ಒಂದೇ ಸನ್ನದು (ವಕೀಲಿ ಮಾಡುವ ಪರವಾನಗಿ), ಬರೆಯಬೇಕಾದದ್ದು ಒಂದೇ ಅಖಿಲ ಭಾರತ ವಕೀಲರ ಪರೀಕ್ಷೆ, ಅದನ್ನು ಕನ್ನಡದಲ್ಲೂ ಬರೆಯಬಹುದು. ನಮ್ಮ ಮೂರು ವರ್ಷದ ಎಲ್‌ಎಲ್‌.ಬಿ. ಪ್ರಶ್ನೆಪತ್ರಿಕೆಯಲ್ಲಿ ಇಂಗ್ಲಿಷ್ ಪ್ರಶ್ನೆಯ ಕೆಳಗೇ ಕನ್ನಡ ಅನುವಾದ ಅಚ್ಚಾಗಿರುತ್ತಿತ್ತು. ಉತ್ತರವನ್ನು ಪೂರ್ತಿ ಇಂಗ್ಲಿಷಿನಲ್ಲಾಗಲಿ ಪೂರ್ತಿ ಕನ್ನಡದಲ್ಲಾಗಲಿ ಬರೆಯಬೇಕೆಂಬ ಸೂಚನೆ ಮೊದಲ ಪುಟದಲ್ಲೇ ಇರುತ್ತಿತ್ತು. ಸಿವಿಲ್ ನ್ಯಾಯಾಧೀಶರ ಮುಖ್ಯ ಪರೀಕ್ಷೆಯಲ್ಲಿ ಭಾಷಾಂತರಕ್ಕೇ ಒಂದು ಪತ್ರಿಕೆಯಿದೆ: ಸಾಕ್ಷಿಯ ಹೇಳಿಕೆ, ತೀರ್ಪಿನ ಭಾಗಗಳನ್ನು ಕನ್ನಡದಿಂದ ಇಂಗ್ಲಿಷಿಗೂ ಇಂಗ್ಲಿಷಿನಿಂದ ಕನ್ನಡಕ್ಕೂ ತರಬೇಕು. ಅಲ್ಲಿ ನಿಮ್ಮ ಕನ್ನಡ ಮಾಧ್ಯಮ ನಿಮಗೆ ಬಲವಾಗುತ್ತದೆ. 2025ರ ಮೇ 20ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆ ಹುದ್ದೆಗೆ ಕನಿಷ್ಠ ಮೂರು ವರ್ಷದ ವಕೀಲಿಯನ್ನು ಕಡ್ಡಾಯ ಮಾಡಿರುವುದರಿಂದ, ನ್ಯಾಯಾಧೀಶೆಯಾಗುವ ಆಸೆಯಿದ್ದರೆ ಸನ್ನದು ಬೇಗ ಕೈಗೆ ಬಂದಷ್ಟೂ ಒಳ್ಳೆಯದು.

ಉತ್ತರ: ಮೈಸೂರಿನಿಂದ

ವಕೀಲರ ಸಲಹೆಯಲ್ಲಿ ನನಗೆ ಒಂದು ಭಿನ್ನಾಭಿಪ್ರಾಯವಿದೆ. ನಾನು ಪದವಿಯ ನಂತರ ಮೂರು ವರ್ಷದ ಕೋರ್ಸು ಓದಿದವಳು. ಐದು ವರ್ಷದ ಕೋರ್ಸಿಗೆ ಸೇರಿ ಜೊತೆಯಲ್ಲೇ ಕ್ಲ್ಯಾಟ್‌ಗೂ ಓದಿದ ಗೆಳತಿಯರನ್ನು ಹತ್ತಿರದಿಂದ ಕಂಡಿದ್ದೇನೆ. ನಿಯಮ ಶೇ 70ರಷ್ಟು ಹಾಜರಿ ಕೇಳುತ್ತದೆ. ಆಂತರಿಕ ಪರೀಕ್ಷೆಗಳು ನವೆಂಬರ್‌ನಲ್ಲಿ, ಕ್ಲ್ಯಾಟ್‌ನ ಹೊಸ್ತಿಲಲ್ಲೇ ಬಂದು ನಿಲ್ಲುತ್ತವೆ. ಹಾಸ್ಟೆಲಿನ ಗದ್ದಲದಲ್ಲಿ ಎರಡು ಗಂಟೆ ಅಲುಗಾಡದೆ ಕುಳಿತು ಮಾಕ್ ಟೆಸ್ಟ್ ಬರೆಯಲು ಜಾಗವೇ ಸಿಗುವುದಿಲ್ಲ. ಸೇರಬೇಡಿ ಎನ್ನುತ್ತಿಲ್ಲ. ಸೇರಿದರೆ ಮನೆಯಿಂದ ಓಡಾಡಬಹುದಾದ ಕಾಲೇಜನ್ನೇ ನೋಡಿ.

ಇನ್ನೊಂದು ಸಂಗತಿಯನ್ನು ಈಗಲೇ ತಿಳಿದಿರಬೇಕು. ಬಾರ್ ಕೌನ್ಸಿಲ್‌ನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಐದು ವರ್ಷದ ಕೋರ್ಸಿಗೆ ನಡುವೆ ಬಂದು ಸೇರುವ ಅವಕಾಶವಿಲ್ಲ. ಇಲ್ಲಿ ಒಂದು ವರ್ಷ ಮುಗಿಸಿ ಅಲ್ಲಿ ಎರಡನೆಯ ವರ್ಷಕ್ಕೆ ಹೋಗುತ್ತೇನೆ ಎಂದರೆ ಆಗುವುದಿಲ್ಲ, ಮೊದಲಿನಿಂದಲೇ ಶುರುವಾಗುತ್ತದೆ. ಏಕಕಾಲಕ್ಕೆ ಎರಡು ನಿಯತ ಕೋರ್ಸುಗಳಲ್ಲಿ ಹೆಸರು ಇರುವಂತೆಯೂ ಇಲ್ಲ, ಆದ್ದರಿಂದ ಹೊರಡುವಾಗ ವರ್ಗಾವಣೆ ಪತ್ರ ಪಡೆದೇ ಹೊರಡಬೇಕು. ಕಟ್ಟಿದ ಶುಲ್ಕ ಎಷ್ಟು ವಾಪಸ್ ಬರುತ್ತದೆ ಎಂಬುದನ್ನು ಸೇರುವ ದಿನವೇ ಕಚೇರಿಯಲ್ಲಿ ಕೇಳಿಕೊಳ್ಳಿ.

ಬಿ.ಎ. ಮುಗಿಸಿ ಹೋಗುವ ದಾರಿಯನ್ನೂ ಕಡೆಗಣಿಸಬೇಡಿ. ನಾಗರಭಾವಿಯಲ್ಲಿ 2022ರಿಂದ ಮೂರು ವರ್ಷದ ಎಲ್‌ಎಲ್‌.ಬಿ. ಇದೆ. ಅದಕ್ಕೆ ಕ್ಲ್ಯಾಟ್ ಅಲ್ಲ, ಆ ಸಂಸ್ಥೆಯೇ ನಡೆಸುವ ಎನ್‌ಎಲ್‌ಎಸ್‌ಎಟಿ ಬರೆಯಬೇಕು. ಅದರ ಅರ್ಧ ಅಂಕ ಬಹು ಆಯ್ಕೆಯ ಪ್ರಶ್ನೆಗಳಿಗೆ, ಉಳಿದರ್ಧ ಬರೆದು ಉತ್ತರಿಸುವ ಪ್ರಶ್ನೆಗಳಿಗೆ. ವೇಗಕ್ಕಿಂತ ವಿಚಾರ ಮಂಡನೆ ಚೆನ್ನಾಗಿರುವವರಿಗೆ ಈ ಎರಡನೆಯ ಭಾಗ ನ್ಯಾಯ ಒದಗಿಸುತ್ತದೆ. ನಿಮ್ಮ ಪ್ರಶ್ನೆಯನ್ನು ನೀವು ಬರೆದಿರುವ ಕ್ರಮ ನೋಡಿದರೆ ಅದು ನಿಮಗೆ ಒಗ್ಗಬಹುದು ಅನಿಸುತ್ತದೆ.

ಹಿರಿಯೂರು ವಿದ್ಯಾರ್ಥಿನಿ

ಮೂವರಿಗೂ ಕೃತಜ್ಞತೆಗಳು. ತಪ್ಪುಗಳ ಪಟ್ಟಿಯನ್ನು ಇವತ್ತೇ ಶುರು ಮಾಡಿದೆ. ಮೇಷ್ಟ್ರೇ, ಕೊನೆಯ ಮೂರು ಗದ್ಯಗಳಲ್ಲೇ 11 ತಪ್ಪುಗಳಿವೆ; ಅವುಗಳನ್ನು ಸರಿಯಾಗಿ ಓದಲು ಸಮಯವೇ ಉಳಿದಿರಲಿಲ್ಲ. ಹತ್ತಿರದ ಕಾಲೇಜಿಗೆ ಸೇರಿ, ಮನೆಯಿಂದಲೇ ಓಡಾಡುತ್ತಾ ಮತ್ತೆ ಬರೆಯುವುದು ಎಂದು ಅಪ್ಪನ ಜೊತೆ ಮಾತನಾಡಿ ತೀರ್ಮಾನಿಸಿದ್ದೇನೆ. ಎರಡು ಅನುಮಾನಗಳು ಉಳಿದಿವೆ. ಐದು ವರ್ಷದ ಕೋರ್ಸಿಗೆ 20 ವರ್ಷದ ಮಿತಿ ಇದೆ ಎಂದು ಒಬ್ಬರು ಹೆದರಿಸಿದರು, ಅದು ನಿಜವೇ? ಕರ್ನಾಟಕದ ವಿದ್ಯಾರ್ಥಿಗಳಿಗೆ ಪ್ರತ್ಯೇಕ ಸೀಟುಗಳಿವೆ ಎಂದೂ ಕೇಳಿದ್ದೇನೆ. ಅದಕ್ಕೆ ಯಾವ ದಾಖಲೆ ಬೇಕು?

ಉತ್ತರ: ಜಿಲ್ಲಾ ನ್ಯಾಯಾಲಯದ ವಕೀಲ

ವಯಸ್ಸಿನ ಬಗ್ಗೆ ಹೆದರಬೇಡಿ. ಅಂಥ ಮಿತಿಯನ್ನು ಬಾರ್ ಕೌನ್ಸಿಲ್ 2016ರ ಸೆಪ್ಟೆಂಬರ್‌ನ ಸುತ್ತೋಲೆಯ ಮೂಲಕ ಮತ್ತೆ ಜಾರಿಗೆ ತರಲು ಹೊರಟಿತ್ತು ನಿಜ, ಆದರೆ ಸುಪ್ರೀಂ ಕೋರ್ಟ್ 2017ರ ಮಾರ್ಚ್‌ನಲ್ಲಿ ಅದಕ್ಕೆ ತಡೆ ನೀಡಿತು. ಕ್ಲ್ಯಾಟ್ ಅಧಿಸೂಚನೆಗಳಲ್ಲಿ ಗರಿಷ್ಠ ವಯಸ್ಸಿಲ್ಲ ಎಂದೇ ಬರೆದಿರುತ್ತದೆ.

ಉತ್ತರ: ದಾವಣಗೆರೆ ಮೇಷ್ಟ್ರು

ಸೀಟುಗಳ ವಿಷಯ ನಾನು ಹೇಳುತ್ತೇನೆ. ಸ್ಥಳೀಯರಿಗೆ ಶೇ 25ರಷ್ಟು ಸೀಟು ಮೀಸಲಿಡುವ 2020ರ ತಿದ್ದುಪಡಿ ಕಾಯ್ದೆಯನ್ನು ನಮ್ಮ ಹೈಕೋರ್ಟ್ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ರದ್ದುಪಡಿಸಿತ್ತು. ಆಮೇಲೆ ರಾಷ್ಟ್ರೀಯ ಕಾನೂನು ಶಾಲೆ ತನ್ನದೇ ಪ್ರವೇಶ ನೀತಿಯಲ್ಲಿ ಕರ್ನಾಟಕ ವಿದ್ಯಾರ್ಥಿಗಳಿಗೆ ಶೇ 25ರ ಸಮತಲ (ಎಲ್ಲ ವರ್ಗಗಳ ಸೀಟುಗಳ ಒಳಗೇ ಅನ್ವಯಿಸುವ) ಮೀಸಲಾತಿಯನ್ನು ತಂದಿತು. ರಾಜ್ಯದ ಮಾನ್ಯತೆ ಪಡೆದ ಶಾಲಾ ಕಾಲೇಜುಗಳಲ್ಲಿ ಕನಿಷ್ಠ ಹತ್ತು ವರ್ಷ ಓದಿರಬೇಕು. ಒಂದನೆಯ ತರಗತಿಯಿಂದ ಪಿಯುಸಿಯವರೆಗೆ ಇಲ್ಲೇ ಓದಿದ ನಿಮಗೆ ಅದು ಅನ್ವಯಿಸುತ್ತದೆ. ನಿವಾಸಿ ಪತ್ರವಿದ್ದರೆ ಸಾಕು ಎಂದು ಕೆಲವರು ತಿಳಿದಿರುತ್ತಾರೆ, ಇಲ್ಲಿ ಲೆಕ್ಕಕ್ಕೆ ಬರುವುದು ವ್ಯಾಸಂಗ. ಓದಿದ ಪ್ರತಿ ಶಾಲೆಯಿಂದಲೂ ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ತರಗತಿ ಎಂದು ಸ್ಪಷ್ಟವಾಗಿ ಬರೆದ ವ್ಯಾಸಂಗ ಪ್ರಮಾಣಪತ್ರವನ್ನು ಈ ಬೇಸಿಗೆ ರಜೆಗೆ ಮೊದಲೇ ಪಡೆದಿಡಿ; ಮೇ ತಿಂಗಳಲ್ಲಿ ಸರ್ಕಾರಿ ಶಾಲೆಗೆ ಹೋದರೆ ಸಹಿ ಹಾಕುವವರು ಸಿಗುವುದಿಲ್ಲ. ಹೆಸರಿನ ಕಾಗುಣಿತ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವಂತೆಯೇ ಇದೆಯೇ ಎಂದು ಅಲ್ಲೇ ನಿಂತು ನೋಡಿಕೊಳ್ಳಿ.

ಅರ್ಜಿ ತುಂಬುವಾಗಲೇ ಆ ಮೀಸಲಾತಿಯನ್ನು ಗುರುತಿಸಬೇಕು. ಕೌನ್ಸೆಲಿಂಗ್‌ನಲ್ಲಿ ವಿಶ್ವವಿದ್ಯಾಲಯಗಳ ಆದ್ಯತೆಯ ಪಟ್ಟಿ ಕೊಡುವಾಗ ನಾಗರಭಾವಿಯನ್ನು ಮೇಲಿಡಿ, ಅದರ ಕೆಳಗೆ ನೀವು ನಿಜವಾಗಿಯೂ ಹೋಗಲು ಸಿದ್ಧವಿರುವ ಮತ್ತು ಮನೆಯವರು ಶುಲ್ಕ ಕಟ್ಟಬಲ್ಲ ಸಂಸ್ಥೆಗಳನ್ನು ಮಾತ್ರ ಬರೆಯಿರಿ. ಯಾವುದಾದರೂ ಸುತ್ತಿನಲ್ಲಿ ಕೆಳಗಿನ ಸೀಟು ಬಂದರೆ ಅದನ್ನು ಉಳಿಸಿಕೊಂಡೇ ಮೇಲಿನದಕ್ಕೆ ಕಾಯುವ 'ಫ್ಲೋಟ್' ಆಯ್ಕೆ ಇರುತ್ತದೆ, ಅದನ್ನು ಕೊಟ್ಟ ಗಡುವಿನೊಳಗೆ ಒತ್ತಬೇಕು. 2024ರ ಡಿಸೆಂಬರ್ ಪರೀಕ್ಷೆಯ ಕೀ ಉತ್ತರಗಳ ವಿವಾದ ಕೋರ್ಟಿಗೆ ಹೋಗಿ ಕೌನ್ಸೆಲಿಂಗ್ 2025ರ ಮೇವರೆಗೆ ತಡವಾಗಿತ್ತು. ಅಂಥದ್ದು ಮತ್ತೆ ಆದರೆ, ಅಂತಿಮ ಪಟ್ಟಿ ಬರುವವರೆಗೂ ಈಗ ಸೇರುವ ಕಾಲೇಜಿನಲ್ಲಿ ಹೆಸರು ತೆಗೆಸಬೇಡಿ. ಕಳೆದ ವರ್ಷಗಳ ರೂಢಿಯಂತೆ ಅರ್ಜಿ ಜುಲೈ ಅಥವಾ ಆಗಸ್ಟ್‌ನಲ್ಲಿ ಶುರುವಾಗುತ್ತದೆ. ಅಷ್ಟರೊಳಗೆ ನಿಮ್ಮ ತಪ್ಪುಗಳ ಪಟ್ಟಿ ಪೂರ್ತಿಯಾದರೆ ಇಲ್ಲೇ ಹಾಕಿ, ಒಂದೊಂದನ್ನೂ ಕುಳಿತು ನೋಡೋಣ.